ಹಳೇ ವಾದ್ಯದಲ್ಲಿ ಬಾಖ್: ವಿಯೆನ್ನಾದ ಕಾನ್ಸೆಂಟಸ್ ಮ್ಯೂಸಿಕಸ್ ತಂಡವನ್ನು ಕೇಳಿದವರು ಇದ್ದೀರಾ?

ತಂಬೂರಿ_ತಂತಿ

18ನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್‌ನ ಎರಡನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೋ (ವಾದ್ಯಗಳ ತಂಡಕ್ಕೆ ಬರೆದ ಕೃತಿ) ಕೇಳಿದವರಿಗೆ ಒಂದು ಪ್ರಶ್ನೆ. ಅದರಲ್ಲಿ ಮುಖ್ಯ ವಾದ್ಯ ನಾಲ್ಕು: ಟ್ರಂಪೆಟ್, ರೆಕಾರ್ಡರ್ ಅನ್ನುವ ಮರದ ಕೊಳಲು, ಶಹನಾಯಿಯಂತೆ ಊದುವ ಓಬೋ, ಪಿಟೀಲು. ನಾಲ್ಕಕ್ಕೂ ಸಮಾನ ಕೆಲಸ. ನಿಮಗೆ ಆ ರೆಕಾರ್ಡರ್ ಕೇಳಿಸಿತಾ?

ಈಗಿನ ವಾದ್ಯಗಳಲ್ಲಿ ನುಡಿಸಿದ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ನನಗೆ ಅದು ಸರಿಯಾಗಿ ಕೇಳಿಸುವುದೇ ಇಲ್ಲ. ಟ್ರಂಪೆಟ್ ಶುರುವಾದರೆ ಮುಗಿಯಿತು, ಉಳಿದ ಮೂರೂ ಅದರ ಹಿಂದೆ. 1721ರಲ್ಲಿ ಆರು ಕಾನ್ಚೆರ್ಟೋಗಳನ್ನು ನೀಟಾಗಿ ಬರೆದು ಬ್ರಾಂಡೆನ್‌ಬರ್ಗ್‌ನ ದೊರೆಮಗನಿಗೆ ಅರ್ಪಿಸಿದ ಬಾಖ್‌ಗೆ, ಒಂದು ವಾದ್ಯ ಇನ್ನೊಂದನ್ನು ಮುಳುಗಿಸುತ್ತದೆ ಅನ್ನುವಷ್ಟು ತಿಳಿಯುತ್ತಿರಲಿಲ್ಲವೇ? ಖಂಡಿತ ತಿಳಿದಿತ್ತು. ಅವನ ಕಾಲದ ಟ್ರಂಪೆಟ್ ಬೇರೆ, ಅಷ್ಟೇ.

ಇದು ನನಗೆ ಅರ್ಥವಾದದ್ದು ಕಾನ್ಸೆಂಟಸ್ ಮ್ಯೂಸಿಕಸ್ ತಂಡ ಹಳೇ ವಾದ್ಯಗಳಲ್ಲಿ 1964ರಲ್ಲಿ ಮಾಡಿದ ಬ್ರಾಂಡೆನ್‌ಬರ್ಗ್ ಧ್ವನಿಮುದ್ರಣ ಕೇಳಿದ ಮೇಲೆ. ಅಲ್ಲಿ ನಾಲ್ಕೂ ವಾದ್ಯ ಒಂದೇ ಜಮಖಾನೆ ಮೇಲೆ ಕೂತು ಮಾತಾಡುತ್ತವೆ. ಟ್ರಂಪೆಟ್ ಎತ್ತರದಲ್ಲಿ ಹಾಡುತ್ತದೆ, ಆದರೆ ಯಾರ ಮೇಲೂ ಬೀಳುವುದಿಲ್ಲ.

ತಂಡದ ಬಗ್ಗೆ ಸ್ವಲ್ಪ ಹೇಳುತ್ತೇನೆ. 1953ರಲ್ಲಿ ವಿಯೆನ್ನಾದಲ್ಲಿ ಇದನ್ನು ಕಟ್ಟಿದವರು ನಿಕೊಲಾಸ್ ಹಾರ್ನೊನ್‌ಕೂರ್, ಅವರ ಹೆಂಡತಿ ಆಲಿಸ್ ಮತ್ತು ಕೆಲವು ಸ್ನೇಹಿತರು. ನಿಕೊಲಾಸ್ ಆಗ ವಿಯೆನ್ನಾ ಸಿಂಫನಿ ಆರ್ಕೆಸ್ಟ್ರಾದಲ್ಲಿ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ, ಮಂದ್ರದ ವಾದ್ಯ) ನುಡಿಸುತ್ತಿದ್ದರು. 1952ರಿಂದ 1969ರವರೆಗೆ ಅದೇ ಅವರ ನೌಕರಿ. ಹೊಟ್ಟೆಪಾಡಿಗೆ ಆರ್ಕೆಸ್ಟ್ರಾ, ಬಿಡುವಿನಲ್ಲಿ ಮನೆಯಲ್ಲಿ ಹಳೇ ವಾದ್ಯ, ಹಳೇ ಹಸ್ತಪ್ರತಿ. ಸಾರ್ವಜನಿಕ ಕಛೇರಿ ಅಂತ ಮೊದಲು ಕೊಟ್ಟಿದ್ದು 1957ರಲ್ಲಿ. ಅಂದರೆ ನಾಲ್ಕು ವರ್ಷ ಬರೀ ಹುಡುಕಾಟ, ಅಭ್ಯಾಸ. ಈ ತಾಳ್ಮೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ನನ್ನ ವಾದ ಇಷ್ಟು. ಹಳೇ ವಾದ್ಯ ಅಂದರೆ ಹಳೇದರ ಮೇಲಿನ ಮೋಹ ಅಲ್ಲ. ಆ ಸಂಗೀತದಲ್ಲಿ ಏನೇನು ಬರೆದಿದೆಯೋ ಅದೆಲ್ಲ ಕಿವಿಗೆ ಬೀಳಬೇಕಾದರೆ ಅದೇ ಸಲಕರಣೆ ಬೇಕು. ನೀವೇನಂತೀರಿ?

ಧಾರವಾಡದವ

ಒಳ್ಳೆ ವಿಷಯ ಎತ್ತಿದ್ದೀರಿ ಸರ್. ನಾನು ಹಿಂದೂಸ್ತಾನಿ ಕೇಳಿ ಬೆಳೆದವನು. ಬಾಖ್ ಹೆಚ್ಚು ಗೊತ್ತಿಲ್ಲ. ಆದರೆ ಈ ತಂಡದ ಪಿಟೀಲು ಕೇಳಿದ ಕೂಡಲೇ ಒಂದು ಗುರುತಿನ ನಾದ ಸಿಕ್ಕಿತು. ಸಾರಂಗಿ!

ಎರಡಕ್ಕೂ ಕಟ್ಟೋದು ಕರುಳಿನ ತಂತಿ. ಸಾರಂಗಿಯ ಮೂರು ಮುಖ್ಯ ತಂತಿಗಳೂ ಕರುಳಿನವೇ, ಕೆಳಗಿನ ತರಬ್, ಅಂದರೆ ಜೊತೆಗೆ ತಾನಾಗಿ ಮಿಡಿಯುವ ತಂತಿಗಳು, ಮಾತ್ರ ಲೋಹದ್ದು. ಕರುಳಿನ ತಂತಿಯಲ್ಲಿ ಕಮಾನು ತಾಗುವ ಕ್ಷಣ ಒಂಚೂರು ಗರಗರ ಇರುತ್ತದೆ, ಆಮೇಲೆ ಸ್ವರ ಅರಳುತ್ತದೆ. ಉಕ್ಕಿನ ತಂತಿಯಲ್ಲಿ ಅದು ಇಲ್ಲ. ಅಲ್ಲಿ ಸ್ವರ ಮೊದಲ ಕ್ಷಣದಿಂದಲೇ ನುಣ್ಣಗೆ. ನನಗೆ ಆ ಗರಗರ ಬೇಕು. ಮನುಷ್ಯರ ಕಂಠದಲ್ಲೂ ಅದು ಇದೆ.

ನಮ್ಮ ಕಡೆ ಸಾರಂಗಿ ಹೋಗಿ ಹಾರ್ಮೋನಿಯಂ ಬಂತು. ಅನುಕೂಲ ಆಯಿತು, ಒಪ್ಪುತ್ತೇನೆ. ಆದರೆ ಕಳಕೊಂಡಿದ್ದು ಏನು ಅಂತ ಹಳಬರಿಗೆ ಗೊತ್ತು.

ಬಸವನಗುಡಿ_ಕಛೇರಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಾದ್ಯಗಳು ಸುಮ್ನೆ ಬದಲಾಗಲಿಲ್ಲ. ನುಡಿಸುವವರಿಗೆ ತೊಂದರೆ ಇತ್ತು, ಅದಕ್ಕೆ ತಿದ್ದಿದರು. ಟ್ರಂಪೆಟ್‌ಗೆ ವಾಲ್ವ್, ಅಂದರೆ ಬೆರಳಲ್ಲಿ ಒತ್ತುವ ಗುಂಡಿ, ಬಂದ ಮೇಲೆ ಎಲ್ಲ ಸ್ವರವೂ ಸಿಗುವಂತಾಯಿತು. ಕೊಳಲಿಗೆ ಕೀಲಿ ಬಂದ ಮೇಲೆ ಶ್ರುತಿ ಸರಿಯಾಯಿತು. ಬಾಖ್ ಕೈಗೆ ಈಗಿನ ಪಿಯಾನೋ ಸಿಕ್ಕಿದ್ದರೆ ಬೇಡ ಅನ್ನುತ್ತಿದ್ದನೇ? ಮತ್ತೆ ಎರಡು ಸಾವಿರ ಜನ ಕೂರುವ ಸಭಾಂಗಣದಲ್ಲಿ ಕೊನೇ ಸಾಲಿನವನಿಗೆ ಆ ಸಣ್ಣ ದನಿ ಕೇಳಿಸುವುದಾದರೂ ಹೇಗೆ? ದುಡ್ಡು ಕೊಟ್ಟು ಬಂದವನು ಅವನೂ ಹೌದಲ್ವಾ?

ಇನ್ನೊಂದು. ಕೇಳುಗರ ಕಿವಿ ಹಳೇದಲ್ಲ. ವಾದ್ಯ ಹಳೇದಾದರೆ ಸಾಕಾ?

ವಿಯೆನ್ನಾ_ಕನ್ನಡತಿ

ಬಸವನಗುಡಿಯವರ ಪ್ರಶ್ನೆ ನ್ಯಾಯವಾದದ್ದೇ. ನಾನು ಇಲ್ಲಿಗೆ ಬಂದು ನೆಲೆಸಿದ ಮೇಲೆ ಈ ತಂಡವನ್ನು ನೇರವಾಗಿ ಕೇಳಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಪಿಟೀಲಿನ ಕಥೆ. 1800ರ ಆಸುಪಾಸಿನಲ್ಲಿ ಸಭಾಂಗಣ ದೊಡ್ಡದಾಯಿತು. ದೊಡ್ಡ ದನಿ ಬೇಕಾಯಿತು. ಆಗ ಹಳೇ ಪಿಟೀಲುಗಳನ್ನು ಬಿಚ್ಚಿದರು. ಕತ್ತನ್ನು ಹಿಂದಕ್ಕೆ ಬಾಗಿಸಿ ಉದ್ದ ಮಾಡಿದರು, ಒಳಗಿನ ಮರದ ಪಟ್ಟಿಯನ್ನು ದಪ್ಪ ಮಾಡಿದರು, ತಂತಿ ಹೊರುವ ಕುದುರೆಯನ್ನು ಎತ್ತರಿಸಿದರು. ಇಟಲಿಯ ಹೆಸರಾಂತ ಸ್ಟ್ರಾಡಿವಾರಿ ಮಾಡಿದ ಪಿಟೀಲುಗಳಲ್ಲೂ ಹೆಚ್ಚಿನವಕ್ಕೆ ಈ ಆಪರೇಷನ್ ಆಗಿದೆ. ಈಗ ನಾವು ಕೇಳುವ ಸ್ಟ್ರಾಡಿವಾರಿ ದನಿ ಅವನೇ ಕೇಳಿದ ದನಿ ಅಲ್ಲ.

ಇಲ್ಲೊಂದು ಗಮನಿಸಬೇಕಾದ ವಿಷಯ ಇದೆ. ಬಾಖ್ ಕಾಲದಲ್ಲಿ ಜರ್ಮನ್ ಭಾಷೆಯ ನಾಡುಗಳಲ್ಲಿ ಹೆಚ್ಚು ಬೆಲೆ ಇದ್ದದ್ದು ಯಾಕೋಬ್ ಸ್ಟೈನರ್ ಮಾಡಿದ ಪಿಟೀಲಿಗೆ. ಆತ ಈಗಿನ ಆಸ್ಟ್ರಿಯಾದ ಟಿರೋಲ್‌ನ ಆಬ್ಸಾಮ್ ಊರಿನವ. ಅವನ ಪಿಟೀಲಿನ ಹೊಟ್ಟೆ ಉಬ್ಬು, ದನಿ ಸಣ್ಣದು, ಸಿಹಿ. ದೊಡ್ಡ ಸಭಾಂಗಣ ಬಂದ ಮೇಲೆ ಆ ದನಿ ಸಾಲಲಿಲ್ಲ, ಸ್ಟ್ರಾಡಿವಾರಿ ಮೇಲೆ ಬಂದ. ಆಲಿಸ್ ಹಾರ್ನೊನ್‌ಕೂರ್ ನುಡಿಸುತ್ತಿದ್ದದ್ದು ಸ್ಟೈನರ್ 1658ರಲ್ಲಿ ಮಾಡಿದ ಪಿಟೀಲು. ಹಾಗಾಗಿ ವಾದ್ಯ ಸುಧಾರಿಸಿತು ಅನ್ನುವುದಕ್ಕಿಂತ, ಕೋಣೆ ಬದಲಾಯಿತು, ವಾದ್ಯ ಅದರ ಹಿಂದೆ ಹೋಯಿತು ಅನ್ನುವುದು ಸರಿ. ಒಂದು ಗಳಿಸಿತು, ಒಂದು ಬಿಟ್ಟಿತು.

ಈಗ ನನಗೆ ತುಂಬಾ ಇಷ್ಟವಾದ ವಾದ್ಯದ ಮಾತು. ಓಬೋ ದಾ ಕಾಚಿಯಾ, ಬಿಲ್ಲಿನಂತೆ ಬಾಗಿದ, ತಗ್ಗು ದನಿಯ ಓಬೋ. ಬಾಖ್‌ನ ಎಷ್ಟೋ ಕೃತಿಗಳಲ್ಲಿ ಇದರ ಹೆಸರು ಬರುತ್ತದೆ. ಆಮೇಲೆ ವಾದ್ಯವೇ ಬಳಕೆಯಿಂದ ಹೋಯಿತು. ಬದಲಿಗೆ ಇಂಗ್ಲಿಷ್ ಹಾರ್ನ್ ಅನ್ನುವ ಈಗಿನ ದೊಡ್ಡ ಓಬೋ ನುಡಿಸುತ್ತಿದ್ದರು. ಬಾಖ್ ಕೆಲಸ ಮಾಡುತ್ತಿದ್ದ ಲೈಪ್‌ಜಿಗ್ ಊರಿನ ಐಖೆನ್‌ಟಾಫ್ 1724ರಲ್ಲಿ ಮಾಡಿದ ಇಂಥ ಎರಡು ಓಬೋಗಳು ಸ್ಟಾಕ್‌ಹೋಮ್ ಮತ್ತು ಕೋಪನ್‌ಹೇಗನ್ ಮ್ಯೂಸಿಯಂಗಳಲ್ಲಿ ಉಳಿದಿದ್ದವು. 1970ರ ದಶಕದಲ್ಲಿ ಅವನ್ನು ಅಳೆದು ನಕಲು ಮಾಡಿದರು. ಅದನ್ನು ಮಾಡುವ ರೀತಿ ನೋಡಿ. ಮೊದಲು ನೆಟ್ಟಗಿನ ಮರಕ್ಕೆ ಉದ್ದಕ್ಕೂ ರಂಧ್ರ ಕೊರೆಯುತ್ತಾರೆ. ಆಮೇಲೆ ಒಂದು ಮಗ್ಗುಲಿಗೆ ಸಾಲಾಗಿ ಗರಗಸದಿಂದ ಗೀರು ಹಾಕಿ, ಮರವನ್ನು ನಿಧಾನಕ್ಕೆ ಬಿಲ್ಲಿನಂತೆ ಬಗ್ಗಿಸುತ್ತಾರೆ. ಗೀರಿನ ಮೇಲೆ ಮರದ ಪಟ್ಟಿ ಅಂಟಿಸಿ, ಮೇಲೆ ಚರ್ಮ ಸುತ್ತುತ್ತಾರೆ. ತುದಿಗೆ ಹಿತ್ತಾಳೆಯ ಅಗಲ ಬಾಯಿ. ಮರ ಮತ್ತು ಹಿತ್ತಾಳೆ ಎರಡೂ ಸೇರಿ ಬರುವ ಆ ದನಿ ಇಂಗ್ಲಿಷ್ ಹಾರ್ನ್‌ನಲ್ಲಿ ಬರಲು ಸಾಧ್ಯವೇ ಇಲ್ಲ.

ಏಸುವಿನ ಕೊನೆಯ ದಿನಗಳ ಕಥೆಯನ್ನು ಹಾಡುವ ಬಾಖ್‌ನ ದೊಡ್ಡ ಕೃತಿ ಮ್ಯಾಥ್ಯೂ ಪ್ಯಾಶನ್. ಅದರಲ್ಲಿ ಒಂದು ಹಾಡು ಇದೆ, "ಆವ್ಸ್ ಲೀಬೆ" ಅಂತ ಶುರುವಾಗುತ್ತದೆ. ಏಸು ಪ್ರೀತಿಗಾಗಿ ಸಾಯಲು ಹೊರಟಿದ್ದಾನೆ ಅನ್ನುವ ಮಾತು. ಅಲ್ಲಿ ಹಾಡುವ ದನಿಯ ಜೊತೆ ಇರುವುದು ಒಂದು ಕೊಳಲು, ಎರಡು ಓಬೋ ದಾ ಕಾಚಿಯಾ. ಅಷ್ಟೇ. ಚೆಲ್ಲೋ ಇಲ್ಲ, ಆರ್ಗನ್ ಇಲ್ಲ, ಕೆಳಗೆ ಮಂದ್ರದ ಆಧಾರವೇ ಇಲ್ಲ. ಪ್ಯಾಶನ್‌ನ ಹೆಚ್ಚುಕಡಿಮೆ ಉದ್ದಕ್ಕೂ ಇದ್ದ ನೆಲವನ್ನು ಬಾಖ್ ಇಲ್ಲಿ ತೆಗೆದುಬಿಟ್ಟಿದ್ದಾನೆ. ಆ ಎರಡು ಓಬೋಗಳ ದನಿ ಸರಿ ಇಲ್ಲದಿದ್ದರೆ ಈ ಹಾಡಿನ ಅರ್ಧ ಕೆಲಸ ಆಗುವುದಿಲ್ಲ.

ತಂಬೂರಿ_ತಂತಿ

ಮೇಡಂ, ಇದನ್ನು ಇಷ್ಟು ಚೆನ್ನಾಗಿ ನಾನು ಹೇಳಲು ಆಗುತ್ತಿರಲಿಲ್ಲ. ಶ್ರುತಿಯೇ ಇಲ್ಲದೆ ಒಬ್ಬರು ಹಾಡಿದರೆ ನಮಗೆ ಆಗುವ ಕಸಿವಿಸಿ ಇದೆಯಲ್ಲ, ಆ ಹಾಡಿನಲ್ಲಿ ಬಾಖ್ ಅದನ್ನೇ ಬೇಕೆಂದು ಮಾಡಿದ್ದಾನೆ.

ಪಿಟೀಲು_ಕೈ

ನಾನು ಕರ್ನಾಟಕ ಸಂಗೀತದ ಪಿಟೀಲು ನುಡಿಸುತ್ತೇನೆ, ಪಾಠ ಹೇಳುತ್ತೇನೆ. ಕೈ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ.

ಗದ್ದ ಊರುವ ಪಟ್ಟಿ ಬಾಖ್ ಕಾಲದಲ್ಲಿ ಇರಲಿಲ್ಲ. ಅದು ಬಂದದ್ದು 1820ರ ಸುಮಾರಿಗೆ, ಲೂಯಿ ಸ್ಪೋರ್ ಅನ್ನುವ ಪಿಟೀಲು ವಿದ್ವಾಂಸ ತಂದದ್ದು. ಅದಕ್ಕೂ ಮೊದಲು ಹೆಗಲ ಮೂಳೆ ಮೇಲೋ ಎದೆ ಮೇಲೋ ಸುಮ್ನೆ ಇಟ್ಟುಕೊಂಡು ನುಡಿಸುತ್ತಿದ್ದರು. ಬೆಲ್ಜಿಯಂನ ಸಿಗಿಸ್ವಾಲ್ಡ್ ಕುಯ್ಕೆನ್ 1969ರಲ್ಲಿ ಗದ್ದ ಬಿಟ್ಟು ನುಡಿಸುವ ಈ ಪದ್ಧತಿಗೆ ವಾಪಸ್ ಹೋದರು. ನಾವು ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಪಾದದ ಮೇಲೆ ಊರಿ, ಎದೆಗೆ ಒರಗಿಸಿಕೊಳ್ಳುತ್ತೇವೆ. ನಮಗೆ ಎಡಗೈ ಪೂರ್ತಿ ಬಿಡುವು, ಅದಕ್ಕೇ ಜಾರು, ಗಮಕ ಎಲ್ಲ ಸಲೀಸು. ಗದ್ದ ಬಿಟ್ಟು ನಿಂತು ನುಡಿಸುವವರಿಗೆ ಕೆಳಗೆ ಇಳಿಯುವಾಗ ವಾದ್ಯ ಜಾರುತ್ತದೆ. ಹಾಗಾಗಿ ಕೈಯನ್ನು ಎಲ್ಲಿ ಸರಿಸಬೇಕು ಅಂತ ಯೋಚಿಸಿಯೇ ಸರಿಸಬೇಕು. ಸಾಮಾನ್ಯವಾಗಿ ಒಂದು ಸಾಲು ಮುಗಿದು ಉಸಿರು ತೆಗೆಯುವ ಜಾಗದಲ್ಲಿ. ಅಂದರೆ ವಾದ್ಯ ಹಿಡಿಯುವ ರೀತಿಯೇ ಸಾಹಿತ್ಯದ ಪದ ಎಲ್ಲಿ ಬಿಡಿಸಬೇಕು ಅಂತ ಹೇಳಿಕೊಡುತ್ತದೆ. ಇದು ನನಗೆ ಬಹಳ ಹಿಡಿಸಿತು.

ಇನ್ನು ಕಮಾನು. ಈಗಿನ ಕಮಾನು ಒಳಕ್ಕೆ ಬಾಗಿದೆ. ಪ್ಯಾರಿಸ್‌ನ ಟೂರ್ಟ್ 1785ರ ಹೊತ್ತಿಗೆ ಕೊಟ್ಟ ಆಕಾರ ಅದು. ಬುಡದಿಂದ ತುದಿಯವರೆಗೆ ಒಂದೇ ಬಲ. ಬಾಖ್ ಕಾಲದ ಕಮಾನು ಹೊರಕ್ಕೆ ಬಾಗಿದೆ, ಹಗುರ, ತುದಿ ಸಣ್ಣ. ಕೆಳಗೆ ಎಳೆದಾಗ ಬಲ, ಮೇಲೆ ತಳ್ಳಿದಾಗ ಹಗುರ. ಇದರಲ್ಲಿ ಎಲ್ಲ ಸ್ವರವನ್ನೂ ಒಂದೇ ತೂಕದಲ್ಲಿ ನುಡಿಸಬೇಕೆಂದರೆ ಕಷ್ಟಪಡಬೇಕು. ಬೇಡ ಅಂತ ಬಿಟ್ಟರೆ ತಾನಾಗಿ ಒಂದು ಸ್ವರ ಘಾತ, ಒಂದು ಸ್ವರ ಹಗುರ ಆಗುತ್ತದೆ. ಹಾರ್ನೊನ್‌ಕೂರ್ ಆ ಕಾಲದ ಸಂಗೀತ ಮಾತಾಡುತ್ತದೆ ಎಂದು ಒತ್ತಿ ಹೇಳುತ್ತಿದ್ದರು. ಆ ಕಮಾನು ಹಿಡಿದು ಎರಡು ಸಾಲು ನುಡಿಸಿದರೆ ಅದು ಕೈಗೇ ತಿಳಿಯುತ್ತದೆ.

ಕರುಳಿನ ತಂತಿ ಬಗ್ಗೆ ಒಂದು ಎಚ್ಚರಿಕೆ. ಗಾಳಿಯಲ್ಲಿ ತೇವ ಏರಿದರೆ ಇಳಿದರೆ ಶ್ರುತಿ ಕದಲುತ್ತದೆ. ದೀಪದ ಬಿಸಿಗೂ ಕದಲುತ್ತದೆ. ಹಾಗಾಗಿ ಆ ತಂಡಗಳು ಕೃತಿ ಕೃತಿಯ ನಡುವೆ ಬಿರಡೆ ತಿರುಗಿಸುತ್ತಾ ಕೂರುವುದು ಸಾಮಾನ್ಯ. ನಮ್ಮ ಕೇಳುಗರಿಗೆ ಇದರಲ್ಲಿ ಹೊಸದೇನಿಲ್ಲ.

ಮಲೆನಾಡಿಗ_ಗೌಡ

ಅಲುಗಿಸಿ ನುಡಿಸುವುದು, ಅದೇ ವೈಬ್ರಾಟೋ, ಹಳೇ ಪದ್ಧತಿಯಲ್ಲಿ ಇರಲೇ ಇಲ್ಲ ಅಂತ ಕೇಳಿದ್ದೇನೆ. ನಿಜವೇ?

ಪಿಟೀಲು_ಕೈ

ಪೂರ್ತಿ ನಿಜ ಅಲ್ಲ ಗೌಡರೇ. ಮೊಜಾರ್ಟ್‌ನ ತಂದೆ ಲಿಯೋಪೋಲ್ಡ್ 1756ರಲ್ಲಿ ಪಿಟೀಲು ಪಾಠದ ಪುಸ್ತಕ ಬರೆದರು. ಅದರಲ್ಲಿ ಪ್ರತಿ ಸ್ವರವನ್ನೂ ಜ್ವರ ಬಂದವರ ಹಾಗೆ ನಡುಗಿಸುವವರನ್ನು ಬೈದಿದ್ದಾರೆ. ಬೈದಿದ್ದಾರೆ ಅಂದರೆ ಹಾಗೆ ಮಾಡುವವರು ಆಗಲೂ ಇದ್ದರು ಅಂತಾಯಿತು. ಅದಕ್ಕೆ ಐದು ವರ್ಷ ಮುಂಚೆ ಲಂಡನ್ನಿನಲ್ಲಿ ಜೆಮಿನಿಯಾನಿ ಬರೆದ ಪುಸ್ತಕದಲ್ಲಿ ಇದನ್ನು ಆದಷ್ಟು ಹೆಚ್ಚು ಬಳಸಿ ಅಂತಲೇ ಇದೆ. ಊರಿಗೊಂದು ಬಾನಿ. ಅಂದಿನವರಿಗೆ ಅದು ಒಂದು ಅಲಂಕಾರ, ಬೇಕಾದ ಸ್ವರಕ್ಕೆ ಹಾಕುವುದು. ಎಲ್ಲ ಸ್ವರಕ್ಕೂ ಬಿಡದೆ ಹಾಕುವ ರೂಢಿ ಪಕ್ಕಾ ಆದದ್ದು 20ನೇ ಶತಮಾನದಲ್ಲಿ. ತೋಡಿಯ ಗಾಂಧಾರಕ್ಕೆ ಹಾಕುವ ಕಂಪಿತವನ್ನು ಷಡ್ಜಕ್ಕೂ ಹಾಕಿದರೆ ಏನಾಗುತ್ತದೆ ಯೋಚಿಸಿ.

ಹಿತ್ತಾಳೆ_ಬ್ಯಾಂಡು

ಟ್ರಂಪೆಟ್ ಬಗ್ಗೆ ನಾನು ಹೇಳಬಹುದು, ಊದುವವನು ನಾನು.

ಬಾಖ್ ಕಾಲದ ಟ್ರಂಪೆಟ್ ಅಂದರೆ ಬರೀ ಉದ್ದ ಕೊಳವೆ. ಗುಂಡಿ ಇಲ್ಲ, ತೂತಿಲ್ಲ. ವಾಲ್ವ್ ಕಂಡುಹಿಡಿದದ್ದು 1814ರಿಂದ 1818ರ ನಡುವೆ. ಬಾಖ್ ಕಾಲದಲ್ಲಿ ಎಲ್ಲ ಸ್ವರವನ್ನೂ ತುಟಿಯಲ್ಲೇ ಹುಡುಕಬೇಕಿತ್ತು. ಕೆಳಗಿನ ಸ್ಥಾಯಿಯಲ್ಲಿ ಸ್ವರಗಳ ನಡುವೆ ದೂರ ಜಾಸ್ತಿ, ಮೇಲೆ ಹೋದಂತೆ ಹತ್ತಿರ ಹತ್ತಿರ ಸಿಗುತ್ತವೆ. ಅದಕ್ಕೇ ಬಾಖ್ ಟ್ರಂಪೆಟ್‌ಗೆ ಯಾವಾಗಲೂ ಅಷ್ಟು ಎತ್ತರದಲ್ಲಿ ಬರೆಯುತ್ತಾನೆ. ರಾಗ ನುಡಿಸಲು ಅಲ್ಲಿ ಮಾತ್ರ ಜಾಗ ಇದೆ. ಈಗಿನ ಟ್ರಂಪೆಟ್‌ಗಿಂತ ಕೊಳವೆ ಸುಮಾರು ಎರಡರಷ್ಟು ಉದ್ದ, ಹಾಗಾಗಿ ದನಿ ಸಣ್ಣ, ಮೃದು. ರೆಕಾರ್ಡರ್ ಪಕ್ಕದಲ್ಲಿ ನಿಲ್ಲುತ್ತದೆ.

ಆದರೆ ಒಂದು ಮಾತು ಬಚ್ಚಿಡಬಾರದು. ಇಂದು ಹಳೇ ವಾದ್ಯದ ತಂಡಗಳಲ್ಲಿ ಬಹಳ ಕಡೆ ಊದುವುದು ಪೂರ್ತಿ ಹಳೇ ಟ್ರಂಪೆಟ್ ಅಲ್ಲ. ಕೊಳವೆಗೆ ಮೂರೋ ನಾಲ್ಕೋ ಸಣ್ಣ ತೂತು ಕೊರೆದಿರುತ್ತಾರೆ. ಬರೀ ಕೊಳವೆಯಲ್ಲಿ ಕೆಳಗಿನಿಂದ ಮೇಲಕ್ಕೆ ತಾನಾಗಿ ಸಿಗುವ ಸ್ವರಗಳ ಸಾಲಿನಲ್ಲಿ 11ನೇ ಮತ್ತು 13ನೇ ಸ್ವರ ಸಹಜವಾಗಿಯೇ ಅಪಶ್ರುತಿ. ಅವನ್ನು ಸರಿಮಾಡಲು, ಮತ್ತೆ ಸ್ವರ ಜಾರದಂತೆ ನೋಡಿಕೊಳ್ಳಲು ಈ ತೂತು. ಇದು ಶುರುವಾದದ್ದು 1960ರ ಸುಮಾರಿಗೆ, ಜರ್ಮನಿಯಲ್ಲಿ. ಬಾಖ್‌ನ ಊರಿನ ತುತ್ತೂರಿಗಾರ ಇದನ್ನು ಕಂಡಿರಲಿಲ್ಲ. ತೂತಿಲ್ಲದೆ ಊದುವವರು ಈಗ ಮೆಲ್ಲಗೆ ಹೆಚ್ಚುತ್ತಿದ್ದಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ. ಒಂದು ಸ್ವರ ಒಡೆದರೂ ಪರವಾಗಿಲ್ಲ, ಆ ಧೈರ್ಯ ಬೇಕು.

ಬಸವನಗುಡಿ_ಕಛೇರಿ

ನೋಡಿ, ನನ್ನ ಅನುಮಾನ ಇದೇ. ಅವರೇ ತೂತು ಕೊರೆದು ಅನುಕೂಲ ಮಾಡಿಕೊಂಡಿದ್ದಾರೆ. ಹಾಗಾದರೆ ವಾಲ್ವ್ ಹಾಕಿಕೊಂಡವರನ್ನು ಯಾಕೆ ತಪ್ಪು ಅನ್ನಬೇಕು? ಗೆರೆ ಎಲ್ಲಿ ಎಳೆಯುತ್ತೀರಿ?

ತಂಬೂರಿ_ತಂತಿ

ಗೆರೆ ಕಿವಿಯ ಹತ್ತಿರ ಎಳೆಯಬೇಕು ಅಂತ ನನ್ನ ಅಭಿಪ್ರಾಯ ಸರ್. ತೂತು ಹಾಕಿದ ಮೇಲೂ ಆ ಟ್ರಂಪೆಟ್ ರೆಕಾರ್ಡರ್ ಅನ್ನು ಮುಳುಗಿಸುವುದಿಲ್ಲ. ವಾಲ್ವ್ ಇರುವ ಸಣ್ಣ ಟ್ರಂಪೆಟ್ ಮುಳುಗಿಸುತ್ತದೆ. ನನಗೆ ವ್ಯತ್ಯಾಸ ಅಲ್ಲಿದೆ. ಯಾರೂ ನೂರಕ್ಕೆ ನೂರು 1721ಕ್ಕೆ ಹೋಗಲು ಆಗುವುದಿಲ್ಲ. ಹತ್ತಿರ ಹೋದಷ್ಟೂ ಕೃತಿ ಬಿಡಿಸಿಕೊಳ್ಳುತ್ತದೆ. ಹೋಗದಿರಲು ಅದು ಕಾರಣ ಆಗಬಾರದು.

ಮನೆ_ಶ್ರುತಿ

ಶ್ರುತಿ ಬಗ್ಗೆ ಯಾರೂ ಬರೆದಿಲ್ಲವಲ್ಲ! ನಮ್ಮವರಿಗೆ ಹೆಚ್ಚು ಅರ್ಥವಾಗುವ ಭಾಗವೇ ಅದು.

ಇಡೀ ಲೋಕಕ್ಕೆ ಒಂದೇ ಶ್ರುತಿ, ಎ ಸ್ವರ 440 ಹರ್ಟ್ಜ್ ಅನ್ನುವ ಒಪ್ಪಂದ ಆದದ್ದು 1939ರಲ್ಲಿ, ಲಂಡನ್ನಿನ ಸಭೆಯಲ್ಲಿ. ಅದಕ್ಕೂ ಮುಂಚೆ ಊರಿಗೊಂದು ಶ್ರುತಿ. ಹಳೇ ವಾದ್ಯದವರು ಬಾಖ್‌ಗೆ 415 ಇಟ್ಟುಕೊಳ್ಳುತ್ತಾರೆ, ಫ್ರೆಂಚ್ ಸಂಗೀತಕ್ಕೆ 392, ಮೊಜಾರ್ಟ್‌ಗೆ 430. ಈ 415 ಅನ್ನುವುದು ಒಂದು ಅನುಕೂಲದ ಅಂಕಿಯೂ ಹೌದು. 440ಕ್ಕಿಂತ ಸರಿಯಾಗಿ ಅರ್ಧ ಮನೆ, ಅಂದರೆ ಒಂದು ಸ್ವರಸ್ಥಾನ, ಕಡಿಮೆ. ಹಾರ್ಪ್ಸಿಕಾರ್ಡ್ (ಪಿಯಾನೋಗೂ ಹಿಂದಿನ, ತಂತಿ ಮೀಟುವ ಕೀಲಿವಾದ್ಯ), ಅದರ ಕೀಲಿಮಣೆಯನ್ನು ಒಂದು ಕೀಲಿಯಷ್ಟು ಪಕ್ಕಕ್ಕೆ ಸರಿಸಿದರೆ ಎರಡೂ ಶ್ರುತಿಗೆ ಆಗುತ್ತದೆ.

ಲೈಪ್‌ಜಿಗ್‌ನಲ್ಲಿ ಇನ್ನೂ ಸೊಗಸು. ಚರ್ಚಿನ ಆರ್ಗನ್ನು ಸುಮಾರು 465ಕ್ಕೆ, ಕೊಳಲು ಓಬೋಗಳು ಸುಮಾರು 415ಕ್ಕೆ. ನಡುವೆ ಒಂದು ಪೂರ್ತಿ ಮನೆ ವ್ಯತ್ಯಾಸ. ಆರ್ಗನ್ನಿನ ಕೊಳವೆ ಕತ್ತರಿಸಿ ಶ್ರುತಿ ಬದಲಿಸಲು ಆಗುವುದಿಲ್ಲವಲ್ಲ. ಹಾಗಾಗಿ ಬಾಖ್ ಆರ್ಗನ್ ನುಡಿಸುವವನಿಗೆ ಮಾತ್ರ ಒಂದು ಮನೆ ಇಳಿಸಿ ಬೇರೆ ಹಾಳೆ ಬರೆಸಿಕೊಡುತ್ತಿದ್ದ. ಆ ಹಾಳೆಗಳು ಈಗಲೂ ಉಳಿದಿವೆ. ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು ಹಾಡುವವರ ಕಂಠ ನೋಡಿ ಮನೆ ಬದಲಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು, ಹನ್ನೆರಡು ಸ್ವರಸ್ಥಾನ ಹಂಚುವ ರೀತಿ. ತಂಬೂರಿಗೆ ಜೀವಾಳಿ ಚೆನ್ನಾಗಿ ಕೂತಾಗ ಷಡ್ಜದೊಳಗಿಂದ ಒಂದು ಅಂತರ ಗಾಂಧಾರ ತಾನಾಗಿ ಕೇಳುತ್ತದೆ ಅಲ್ವಾ? ಅದು 5:4 ಅನುಪಾತದ ಶುದ್ಧ ಗಾಂಧಾರ. ಈಗಿನ ಪಿಯಾನೋದ ಗಾಂಧಾರ ಅದಕ್ಕಿಂತ 14 ಸೆಂಟ್ ಮೇಲಿದೆ. ಒಂದು ಸ್ವರಸ್ಥಾನಕ್ಕೆ 100 ಸೆಂಟ್ ಅಂತ ಲೆಕ್ಕ. ನಮ್ಮ ಕಿವಿಗೆ ಅದು ಚುಚ್ಚುತ್ತದೆ. 16, 17ನೇ ಶತಮಾನದ ಯುರೋಪಿನ ಕೀಲಿಮಣೆಗಳಲ್ಲಿ ಆ ಶುದ್ಧ ಗಾಂಧಾರವನ್ನೇ ಇಟ್ಟು ಶ್ರುತಿ ಮಾಡುತ್ತಿದ್ದರು. ಹನ್ನೆರಡು ಸ್ವರಸ್ಥಾನಗಳಲ್ಲಿ ಎಂಟರಿಂದ ಶುರು ಮಾಡಿದರೆ ಗಾಂಧಾರ ಜೇನು, ಉಳಿದ ಕಡೆ ಕಿವಿ ಮುಚ್ಚಿಕೊಳ್ಳಬೇಕು. ಅದಕ್ಕೆ ಆ ಕಡೆ ಹೋಗುತ್ತಿರಲಿಲ್ಲ. ಬಾಖ್ ಹೊತ್ತಿಗೆ ಎಲ್ಲ ಕಡೆಗೂ ಹೋಗಬಹುದಾದ, ಆದರೆ ಒಂದೊಂದು ಕಡೆಗೂ ಒಂದೊಂದು ಬಣ್ಣ ಇರುವ ಹೊಂದಾಣಿಕೆ ಬಂತು. ಹಳೇ ತಂಡಗಳು ಈ ಶ್ರುತಿಯನ್ನೂ ವಾಪಸ್ ತಂದಿವೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ದೂರ ಇಟ್ಟಾಗ ನಮ್ಮಲ್ಲಿ ನಡೆದ ವಾದವೂ ಇದರ ಸುತ್ತಲೇ ಇತ್ತು.

ಧಾರವಾಡದವ

ಇದನ್ನು ಓದಿ ಈಗಲೇ ಮೊಂಟೆವರ್ಡಿ, ಬಾಖ್‌ಗೂ ಹಿಂದಿನ ಇಟಲಿಯ ಸಂಗೀತಗಾರ, ಅವನ ಕೃತಿ ಹಾಕಿದೆ. ಹೌದು. ಆ ಗಾಂಧಾರ ನಿಂತುಬಿಡುತ್ತದೆ, ಅಲುಗುವುದೇ ಇಲ್ಲ.

ಕುಡ್ಲದ_ಕ್ವಾಯರ್

ನಾನು ಮಂಗಳೂರಿನವ, ಇಗರ್ಜಿಯಲ್ಲಿ ಹಾಡುವವ. ಹಾಡುವವರ ವಿಷಯ ಉಂಟಲ್ಲ, ಅದನ್ನೂ ಮಾತಾಡಬೇಕು.

1829ರಲ್ಲಿ ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ಬರ್ಲಿನ್‌ನಲ್ಲಿ ಮ್ಯಾಥ್ಯೂ ಪ್ಯಾಶನ್ ಅನ್ನು ಮತ್ತೆ ಹಾಡಿಸಿದಾಗ ಗುಂಪಿನಲ್ಲಿ ನೂರೈವತ್ತಕ್ಕೂ ಹೆಚ್ಚು ಜನ. ಓಬೋ ದಾ ಕಾಚಿಯಾ ಬದಲು ಕ್ಲಾರಿನೆಟ್. ಆ ಕೆಲಸ ಆಗದಿದ್ದರೆ ನಮಗೆ ಬಾಖ್ ಇಷ್ಟು ಬೇಗ ಸಿಗುತ್ತಿರಲಿಲ್ಲ, ಹಾಗಾಗಿ ಅದನ್ನು ಹಳಿಯುವುದು ಬೇಡ. ಆದರೆ ಬಾಖ್ ಕೇಳಿದ್ದು ಎಷ್ಟು ಜನರನ್ನು? 1730ರ ಆಗಸ್ಟ್‌ನಲ್ಲಿ ಲೈಪ್‌ಜಿಗ್ ನಗರಸಭೆಗೆ ಕೊಟ್ಟ ಪತ್ರದಲ್ಲಿ ಬರೆದಿದ್ದಾನೆ: ಒಂದು ಗುಂಪಿಗೆ ಕಡಿಮೆ ಅಂದರೆ 12 ಹಾಡುಗಾರರು, 16 ಆದರೆ ಉತ್ತಮ. ಇರುವ ಹುಡುಗರಲ್ಲಿ ಯಾರು ಪ್ರಯೋಜನಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಅಂತಲೂ ಪಟ್ಟಿ ಮಾಡಿದ್ದಾನೆ. ಕ್ವಾಯರ್ ನಡೆಸುವ ಎಲ್ಲರ ಕಷ್ಟವೂ ಅದರಲ್ಲಿ ಉಂಟು. 1981ರಲ್ಲಿ ಅಮೆರಿಕದ ಜೋಶುವಾ ರಿಫ್ಕಿನ್, ಗುಂಪಿನ ಹಾಡಿನಲ್ಲೂ ಬಾಖ್ ಒಂದೊಂದು ದನಿಯ ಸಾಲಿಗೆ ಒಬ್ಬರನ್ನೇ ಹಾಡಿಸುತ್ತಿದ್ದ ಎಂದು ವಾದಿಸಿದರು. ಆ ಜಗಳ ಇನ್ನೂ ನಿಂತಿಲ್ಲ.

ಹಾರ್ನೊನ್‌ಕೂರ್ ಮತ್ತು ಡಚ್ಚರ ಗುಸ್ಟಾವ್ ಲಿಯೋನ್‌ಹಾರ್ಟ್ ಸೇರಿ ಬಾಖ್‌ನ ಚರ್ಚ್ ಕಾಂಟಾಟಾಗಳನ್ನೆಲ್ಲ (ಪೂಜೆಯ ಹೊತ್ತು ವಾದ್ಯದ ಜೊತೆ ಹಾಡುವ ಕೃತಿಗಳು) ಧ್ವನಿಮುದ್ರಿಸಿದರು. 1971ರಲ್ಲಿ ಶುರು, ಮುಗಿಯುವಾಗ 1980ರ ದಶಕವೇ ಕಳೆದಿತ್ತು. ಸೊಪ್ರಾನೋ, ಅಂದರೆ ಎಲ್ಲಕ್ಕಿಂತ ಎತ್ತರದ ದನಿ, ಹಾಡಿದ್ದು ಹೆಚ್ಚಾಗಿ ಹುಡುಗರು, ಬಾಖ್ ಕಾಲದಲ್ಲಿ ಇದ್ದ ಹಾಗೆ. ಕೆಲವು ಹುಡುಗರ ದನಿ ಅಲ್ಲಲ್ಲಿ ತಡವರಿಸುತ್ತದೆ, ಉಸಿರು ಸಾಲುವುದಿಲ್ಲ. ನನಗೆ ಅದು ಕೊರತೆಯಾಗಿ ಕೇಳುವುದಿಲ್ಲ. ಭಾನುವಾರ ಬೆಳಿಗ್ಗೆ ನಿಜವಾದ ಇಗರ್ಜಿಯಲ್ಲಿ ಮಕ್ಕಳು ಹಾಡುವುದು ಹಾಗೆಯೇ. ದೇವರ ಎದುರು ನಿಂತು ಹಾಡುವುದಕ್ಕೂ ವೇದಿಕೆಯಲ್ಲಿ ಹಾಡುವುದಕ್ಕೂ ವ್ಯತ್ಯಾಸ ಉಂಟು.

ಬಸವನಗುಡಿ_ಕಛೇರಿ

ಕ್ವಾಯರ್ ಮಾತು ಮನಸ್ಸಿಗೆ ತಾಗಿತು. ಸೂಕ್ಷ್ಮ ದನಿಯ ವಾದವನ್ನೂ ಒಪ್ಪುತ್ತೇನೆ. ಆದರೂ ನನ್ನ ಒಂದು ಮಾತು ಉಳಿದಿದೆ. ವಾದ್ಯ ಹಳೇದಾದರೆ ಮಾತ್ರ ಸರಿ ಅನ್ನುವ ಹಠ ಹಾರ್ನೊನ್‌ಕೂರ್ ಅವರಿಗೇ ಇರಲಿಲ್ಲ. ಅವರು ಆಮೇಲೆ ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಗೆಬೌ ಮುಂತಾದ ಈಗಿನ ಆರ್ಕೆಸ್ಟ್ರಾಗಳನ್ನು ನಡೆಸಿದರು. ಬೀಥೋವನ್‌ನ ಒಂಬತ್ತು ಸಿಂಫನಿಗಳನ್ನು ಯುರೋಪ್ ಛೇಂಬರ್ ಆರ್ಕೆಸ್ಟ್ರಾ ಜೊತೆ ಮಾಡಿದಾಗ ಪಿಟೀಲು, ಓಬೋ ಎಲ್ಲ ಈಗಿನವು, ಟ್ರಂಪೆಟ್ ಮಾತ್ರ ಹಳೇ ವಾಲ್ವ್ ಇಲ್ಲದ್ದು. ಅದು ಅದ್ಭುತವಾಗಿದೆ. ಅಂದರೆ ತಲೆಯಲ್ಲಿ ವಿಷಯ ಇದ್ದರೆ ವಾದ್ಯ ಎರಡನೇ ಮಾತು.

ತಂಬೂರಿ_ತಂತಿ

ನೀವು ಹೇಳಿದ ಉದಾಹರಣೆ ನನ್ನ ಕಡೆಗೂ ಬರುತ್ತದೆ ಸರ್. ಅಷ್ಟೆಲ್ಲ ಬಿಟ್ಟುಕೊಟ್ಟವರು ಟ್ರಂಪೆಟ್ ಮಾತ್ರ ಯಾಕೆ ಬಿಟ್ಟುಕೊಡಲಿಲ್ಲ? ಉಳಿದವರನ್ನು ಮುಳುಗಿಸದೆ ಪೂರ್ತಿ ಜೋರಾಗಿ ಊದಬಲ್ಲ ಟ್ರಂಪೆಟ್ ಅದೊಂದೇ. ತಲೆಯಲ್ಲಿದ್ದ ವಿಷಯ ಅವರಿಗೆ ಬಂದದ್ದು ಎಲ್ಲಿಂದ? ದಶಕಗಳ ಕಾಲ ಕರುಳಿನ ತಂತಿ ಕಟ್ಟಿದ ಚೆಲ್ಲೋ ನುಡಿಸಿದ್ದರಿಂದ. ಕೈ ಕಲಿತದ್ದನ್ನು ಆಮೇಲೆ ಬೇರೆ ವಾದ್ಯದವರಿಗೂ ಹೇಳಿಕೊಡಬಹುದು. ಹಳೇ ವಾದ್ಯವನ್ನೇ ಮುಟ್ಟದೆ ಹೇಳಿಕೊಡಲು ಆಗುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ವೀಣೆ_ಮೆಟ್ಟು

ಇದೆಲ್ಲ ಅವರ ಸಂಸ್ಕೃತಿ, ಹೊರಗಿನವರಿಗೆ ಒಗ್ಗುತ್ತದೆಯೇ ಅಂತ ಯಾರಿಗಾದರೂ ಅನ್ನಿಸಿದರೆ ಬಾಖ್ ಕಾಲೇಜಿಯಂ ಜಪಾನ್ ತಂಡವನ್ನು ಕೇಳಿ. ಮಸಾಕಿ ಸುಜುಕಿ 1990ರಲ್ಲಿ ಕಟ್ಟಿದ್ದು. 1995ರಿಂದ 2013ರವರೆಗೆ ಕೋಬೆ ಊರಿನ ಒಂದು ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಬಾಖ್‌ನ ಎಲ್ಲ ಚರ್ಚ್ ಕಾಂಟಾಟಾಗಳನ್ನು ಹಳೇ ವಾದ್ಯಗಳಲ್ಲೇ ಧ್ವನಿಮುದ್ರಿಸಿದರು. ಒಟ್ಟು 55 ಸಂಪುಟ. ಹಾಡುಗಾರರಲ್ಲಿ ಹೆಚ್ಚಿನವರ ಮಾತೃಭಾಷೆ ಜರ್ಮನ್ ಅಲ್ಲ, ಆದರೆ ಪದ ಪದವೂ ಸ್ಪಷ್ಟ.

ನಾನು ವೀಣೆ ನುಡಿಸುವವಳು, ಹಾಗಾಗಿ ನನ್ನ ಮನಸ್ಸು ವಿಯೋಲಾ ದಾ ಗಾಂಬಾ ಕಡೆ. ಕಾಲುಗಳ ನಡುವೆ ಹಿಡಿದು ಕಮಾನಿನಲ್ಲಿ ನುಡಿಸುವ ವಾದ್ಯ. ಆರು ತಂತಿ, ಫ್ರಾನ್ಸಿನಲ್ಲಿ ಏಳು. ಮೆಟ್ಟುಗಳೂ ಕರುಳಿನ ತುಂಡುಗಳೇ, ಕತ್ತಿಗೆ ಸುತ್ತಿ ಗಂಟು ಹಾಕಿರುತ್ತಾರೆ. ನಮ್ಮ ವೀಣೆಯಲ್ಲಿ ಮೆಟ್ಟನ್ನು ಮೇಣದಲ್ಲಿ ಕೂರಿಸಿದರೆ ಅಲ್ಲಿಗೆ ಮುಗಿಯಿತು. ಅವರು ಕೃತಿಗೆ ತಕ್ಕ ಹಾಗೆ ಸರಿಸಿಕೊಳ್ಳುತ್ತಾರೆ, ಸಿತಾರ್‌ನವರ ಹಾಗೆ. ಸ್ಪೇನಿನ ಕಟಲೋನಿಯಾದ ಜೋರ್ಡಿ ಸವಾಲ್ ನುಡಿಸಿದ, ಫ್ರಾನ್ಸಿನ ಹಳೇ ಗಾಂಬಾ ವಿದ್ವಾಂಸ ಮರಾನ್ ಮರೈಯ ಕೃತಿಗಳನ್ನು ಕೇಳಿ. ಹೆಂಡತಿ ಮೊಂಟ್ಸೆರಾಟ್ ಫಿಗೇರಾಸ್ ಜೊತೆ 1974ರಲ್ಲಿ ಕಟ್ಟಿದ ಹೆಸ್ಪೇರಿಯನ್ ತಂಡವೂ ಅವರದ್ದೇ.

ಕುಡ್ಲದ_ಕ್ವಾಯರ್

ಸವಾಲ್ ಅವರು 2007ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ನಡೆದ ದಾರಿಯ ಸಂಗೀತ ಅಂತ ಒಂದು ಮಾಡಿದ್ದಾರೆ. ಗೋವಾ ಅದರಲ್ಲಿ ಬರುತ್ತದೆ. ಝೇವಿಯರ್ ಗೋವಾಕ್ಕೆ ಬಂದದ್ದು 1542ರಲ್ಲಿ. ನಮ್ಮ ಕರಾವಳಿಯವರು ಕೇಳಲೇಬೇಕು.

ಮಲೆನಾಡಿಗ_ಗೌಡ

ಇಷ್ಟು ಓದಿದ ಮೇಲೆ ಕೇಳಬೇಕು ಅನ್ನಿಸಿದೆ. ನನ್ನಂಥ ಹೊಸಬರು ಎಲ್ಲಿಂದ ಶುರು ಮಾಡುವುದು? ಪ್ಯಾಶನ್ ಮೂರು ಗಂಟೆ ಅಂತಾರೆ, ಒಂದೇ ಸಲಕ್ಕೆ ಆಗುವುದಿಲ್ಲ.

ವಿಯೆನ್ನಾ_ಕನ್ನಡತಿ

ಪ್ಯಾಶನ್ ಆಮೇಲೆ ನೋಡೋಣ ಗೌಡರೇ. ಆರನೇ ಬ್ರಾಂಡೆನ್‌ಬರ್ಗ್‌ನಿಂದ ಶುರು ಮಾಡಿ. ಅದರಲ್ಲಿ ಪಿಟೀಲೇ ಇಲ್ಲ. ಎರಡು ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು), ಎರಡು ಗಾಂಬಾ, ಚೆಲ್ಲೋ, ದೊಡ್ಡ ಬಾಸ್, ಹಾರ್ಪ್ಸಿಕಾರ್ಡ್. ಎಲ್ಲ ಕಂದು ಬಣ್ಣದ ದನಿ. ಇಪ್ಪತ್ತು ನಿಮಿಷಕ್ಕೂ ಕಡಿಮೆ. ಮೊದಲ ಭಾಗದಲ್ಲಿ ಎರಡು ವಿಯೋಲಾಗಳು ಒಂದೇ ಮಾತನ್ನು ಒಂದರ ಹಿಂದೆ ಒಂದು ಹೇಳುತ್ತವೆ, ಎರಡನೆಯದು ಬಲು ಹತ್ತಿರ, ಬೆನ್ನಿಗೇ ಬರುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡನೆಯದನ್ನು ಮಾತ್ರ ಹಿಂಬಾಲಿಸಿ. ಕಾನ್ಸೆಂಟಸ್‌ನ 1964ರದ್ದನ್ನೇ ಹಾಕಿ, ಆಮೇಲೆ ಯಾವುದಾದರೂ ದೊಡ್ಡ ಆರ್ಕೆಸ್ಟ್ರಾದ್ದು ಹಾಕಿ ಹೋಲಿಸಿ.

ಹಾರ್ನೊನ್‌ಕೂರ್ 2015ರ ಡಿಸೆಂಬರ್‌ನಲ್ಲಿ ವೇದಿಕೆ ಬಿಟ್ಟರು, 2016ರ ಮಾರ್ಚ್‌ನಲ್ಲಿ ತೀರಿಕೊಂಡರು. ತಂಡ ಈಗಲೂ ವಿಯೆನ್ನಾದಲ್ಲಿ ನುಡಿಸುತ್ತಿದೆ.

ಮಲೆನಾಡಿಗ_ಗೌಡ

ಆಯ್ತು ಮೇಡಂ, ಆರನೆಯದೇ ಹಾಕುತ್ತೇನೆ. ಎರಡನೇ ವಿಯೋಲಾ ಯಾವ ಕಿವಿ ಕಡೆ ಬರುತ್ತದೆ?

ವಿಯೆನ್ನಾ_ಕನ್ನಡತಿ

ಅದನ್ನು ನೀವೇ ಹುಡುಕಿ, ಸಿಕ್ಕಮೇಲೆ ಇಲ್ಲಿ ಬರೆಯಿರಿ.